ಬರಿಗಾಲಿನ ಹಾವಾಡಿಗ

ಇಂದಿರಾನಗರದಿಂದ ಹಲಸೂರಿನ ಕಡೆಗೆ ನಡೆದು, ಕೆರೆಯ ಆಸುಪಾಸಿನಲ್ಲಿರುವ ಗೌತಮಪುರದ ಇಕ್ಕಟ್ಟಾದ ಬೀದಿಗಳನ್ನು ಹೊಕ್ಕವರಿಗೆ ಒಂದು ಅಪರೂಪದ ನೋಟ ಎದುರಾಗುತ್ತದೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಜತೆಗೆ ಬ್ರೆಜಿಲ್ ದೇಶದ ಕಾಲ್ಚೆಂಡಿನ ಆಟಗಾರ ಪೆಲೆಯ ಪ್ರತಿಮೆಯೂ ಅಲ್ಲಿದೆ. ಮೊದಲು ಕಂಡಾಗ ಸಣ್ಣದೊಂದು ನಗು ಬಂದೀತು. ಆದರೆ ಆ ಬೀದಿಯ ಜನರಿಗೆ ಅದು ನಗುವ ವಿಷಯವಲ್ಲ. ತಲೆಮಾರುಗಳಿಂದ ಮಕ್ಕಳು ಚೆಂಡಿನ ಹಿಂದೆ ಓಡಿ ಬೆಳೆದ ಬೀದಿ ಅದು. ತಮಗೆ ಬೆಳಕು ತೋರಿದವರ ಪಂಕ್ತಿಯಲ್ಲಿ ಒಬ್ಬ ಆಟಗಾರನಿಗೂ ಅವರು ಮಣೆ ಹಾಕಿದ್ದಾರೆ.

ಪೆಲೆ ಇನ್ನೂ ಏಳೆಂಟು ವರ್ಷದ ಬಾಲಕನಾಗಿದ್ದಾಗ, ನಮ್ಮ ಬೆಂಗಳೂರು ದಂಡಿನ ಬಯಲುಗಳಲ್ಲಿ ಆಡಿ ಬೆಳೆದ ತರುಣರೊಬ್ಬರು ಲಂಡನ್ನಿನ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ವತಂತ್ರ ಭಾರತದ ಪರವಾಗಿ ಮುಂಚೂಣಿಯಲ್ಲಿ ಆಡಿದ್ದರು. ಅವರ ಹೆಸರು ಅಹಮದ್ ಖಾನ್. ಕಲ್ಕತ್ತೆಯ ಜನ ಅವರನ್ನು ಹಾವಾಡಿಗನೆಂದು ಕರೆದು ತಲೆಯ ಮೇಲೆ ಹೊತ್ತು ಮೆರೆದರು. ಅವರು ಹುಟ್ಟಿದ ಊರಿನಲ್ಲಿ, ಅದರಲ್ಲಿಯೂ ಕನ್ನಡ ಓದುವ ಮನೆಗಳಲ್ಲಿ, ಆ ಹೆಸರು ಕೇಳಿದವರು ಎಷ್ಟು ಮಂದಿ?

ಈ ಪ್ರಶ್ನೆಯನ್ನು ಇತರರಿಗೆ ಹಾಕುವ ಮುನ್ನ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಮೂವತ್ತು ವರ್ಷಗಳ ಹಿಂದಿನ ಮಾತು. ನಗರದ ಪೂರ್ವಭಾಗದ ಕಾಲೇಜೊಂದರಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದೆ. ಮನೆಯಲ್ಲಿ ತಮಿಳು ಮಾತನಾಡುವ, ತರಗತಿಯಲ್ಲಿ ತಡವರಿಸುತ್ತ ಕನ್ನಡ ಓದುವ ಹುಡುಗನೊಬ್ಬನಿದ್ದ. ವಾರಕ್ಕೆ ಎರಡು ದಿನವಾದರೂ ಬೆಳಗಿನ ಪಾಠಕ್ಕೆ ಬರುತ್ತಿರಲಿಲ್ಲ. ಒಂದು ದಿನ ಗದರಿಸಿ ಕೇಳಿದೆ. “ಪ್ರಾಕ್ಟೀಸ್ ಇತ್ತು ಸಾರ್” ಎಂದ. ಚೆಂಡು ಒದೆಯುವುದರಿಂದ ಅನ್ನ ಹುಟ್ಟುವುದೇ ಎಂದು ನಾನು ಕೇಳಿರಬೇಕು. ಆತ ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತಿದ್ದು, “ಸಾರ್, ಅಹಮದ್ ಖಾನ್ ಗೊತ್ತಾ ನಿಮಗೆ?” ಎಂದ. ನಾನು ತಮಾಷೆಗೆಂದು, “ಯಾವ ಶತಮಾನದ ಕವಿಯಪ್ಪಾ?” ಎಂದೆ. ತರಗತಿ ನಕ್ಕಿತು. “ಕವಿ ಅಲ್ಲ ಸಾರ್, ಫಾರ್ವರ್ಡ್” ಎಂದು ಹೇಳಿ ಆತ ಕುಳಿತುಕೊಂಡ. ಆ ದಿನ ಅಹಮದ್ ಖಾನರು ಇದೇ ನಗರದಲ್ಲಿ ಬದುಕಿದ್ದರು. ಹೋಗಿ ನೋಡಬಹುದಾಗಿತ್ತು, ಕೂತು ಕೇಳಬಹುದಾಗಿತ್ತು. ಹೋಗಲಿಲ್ಲ, ಕೇಳಲಿಲ್ಲ. ಈಗ ಉಳಿದಿರುವುದು ದಾಖಲೆಗಳೂ ಹಿರಿಯರ ನೆನಪುಗಳೂ ಮಾತ್ರ. ಅವುಗಳ ಆಧಾರದಿಂದಲೇ ಈ ಮಾತುಗಳನ್ನು ಆಡುತ್ತಿದ್ದೇನೆ.

ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು 1809ರಲ್ಲಿ. ಬ್ರಿಟಿಷ್ ಪಡೆಗಳ ಬಿಡಾರಗಳು, ಕವಾಯತಿನ ಬಯಲುಗಳು, ಅವುಗಳ ಸುತ್ತ ಬೆಳೆದ ಬಜಾರುಗಳು, ಇವೇ ಆ ಪ್ರದೇಶದ ಮೊದಲ ರೂಪ. ಸಿಪಾಯಿಗಳ ಜತೆಗೆ ಅವರ ಆಟಗಳೂ ಬಂದವು. ಕ್ರಿಕೆಟ್ಟಿಗೆ ಬಿಳಿಯ ಉಡುಪು ಬೇಕು, ಬ್ಯಾಟು ಬೇಕು, ಹದವಾದ ನೆಲ ಬೇಕು. ಹಾಕಿಗೆ ಕೋಲಾದರೂ ಬೇಕು. ಕಾಲ್ಚೆಂಡಿಗೆ ಬೇಕಾದುದು ಒಂದು ಚೆಂಡು, ಒಂದಿಷ್ಟು ಬಯಲು. ಆದ್ದರಿಂದ ಸೋಲ್ಜರುಗಳ ಆಟವನ್ನು ಬೇಲಿಯ ಆಚೆ ನಿಂತು ನೋಡಿದ ಬಟ್ಲರರ, ಗಾಡಿ ಹೊಡೆಯುವವರ, ಕಟುಕರ, ಕೂಲಿಕಾರರ ಮಕ್ಕಳಿಗೆ ಅದು ಬಹು ಬೇಗ ಒಗ್ಗಿತು. ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್ ಮೊದಲಾದ ಕಡೆಗಳಲ್ಲಿ ಆಟ ಬೇರು ಬಿಟ್ಟುದು ಹೀಗೆ.

ಮೇಲಿನವರಿಂದ ಕಲಿತ ವಿದ್ಯೆಯನ್ನು ಅವರ ಮೇಲೆಯೇ ತಿರುಗಿಸಿದ ಗಳಿಗೆಯೂ ಬಂತು. ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿ 1891ರಷ್ಟು ಹಳೆಯದು. ನಾಲ್ವತ್ತು ವರ್ಷಗಳಿಗೂ ಹೆಚ್ಚು ಕಾಲ ಅದು ಬ್ರಿಟಿಷ್ ಸೇನಾ ತಂಡಗಳ ಸೊತ್ತಾಗಿತ್ತು. 1937ರಲ್ಲಿ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಕಲ್ಕತ್ತೆಯದಲ್ಲ, ನಮ್ಮ ದಂಡಿನ ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ಬು. ಮರುವರ್ಷ, 1938ರಲ್ಲಿ, ಅದೇ ತಂಡ ಒಂದು ಬ್ರಿಟಿಷ್ ಸೇನಾ ತಂಡವನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿ ಕಪ್ಪನ್ನು ಉಳಿಸಿಕೊಂಡಿತು. 1946ರ ಸಂತೋಷ್ ಟ್ರೋಫಿಯಲ್ಲಿ ಮೈಸೂರು ತಂಡ ಬಲಿಷ್ಠವಾದ ಬಂಗಾಳವನ್ನು ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಈ ಬೆಂಗಳೂರಿನಲ್ಲಿ ಅಹಮದ್ ಖಾನರು ಬೆಳೆದರು.

ಅವರು ಹುಟ್ಟಿದ್ದು 1926ರ ಡಿಸೆಂಬರ್ 24ರಂದು. ತಂದೆಯೂ ಕಾಲ್ಚೆಂಡಿನ ಆಟಗಾರರು, ಸೋದರರೂ ಆಟಗಾರರು. ಸಂಗೀತದ ಮನೆತನದಲ್ಲಿ ಮಗು ಮಾತಿಗಿಂತ ಮೊದಲು ಶ್ರುತಿ ಹಿಡಿಯುತ್ತದೆ ಎನ್ನುವುದುಂಟು. ಆ ಮನೆಯಲ್ಲಿ ಚೆಂಡಿನ ವಿದ್ಯೆ ಹಾಗೆ ಬಂದಿರಬೇಕು. ಮೊದಲು ಬೆಂಗಳೂರು ಕ್ರೆಸೆಂಟ್, ಆಮೇಲೆ ಬೆಂಗಳೂರು ಮುಸ್ಲಿಮ್ಸ್, ಅದರ ಜತೆಗೆ ಮೈಸೂರು ಸಂಸ್ಥಾನದ ತಂಡ: ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದ ಅವರು 21ನೆಯ ವಯಸ್ಸಿನಲ್ಲಿ ಭಾರತ ತಂಡಕ್ಕೆ ಆಯ್ಕೆಯಾದರು.

1948ರ ಜುಲೈ 31. ಲಂಡನ್ನಿನ ಪೂರ್ವಕ್ಕಿರುವ ಇಲ್ಫರ್ಡಿನ ಮೈದಾನ. ಎದುರಾಳಿ ಫ್ರಾನ್ಸ್. ದೇಶ ಸ್ವತಂತ್ರವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾಗಾ ನಾಡಿನ ಟಿ. ಆವ್ ನಾಯಕರು. ತಂಡದಲ್ಲಿ ಬೆಂಗಳೂರಿನ ರಾಮನ್, ಬಷೀರ್, ಅಹಮದ್ ಖಾನ್ ಇದ್ದರು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದರು. ಫ್ರೆಂಚರು ಮೊದಲ ಗೋಲು ಹೊಡೆದರು. ನಮಗೆ ಎರಡು ಪೆನಾಲ್ಟಿ ಒದೆತಗಳು ದೊರೆತವು, ಎರಡೂ ವ್ಯರ್ಥವಾದವು. 70ನೆಯ ನಿಮಿಷದಲ್ಲಿ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಪಂದ್ಯ ಮುಗಿಯಲು ಒಂದು ನಿಮಿಷವಿದ್ದಾಗ ಫ್ರಾನ್ಸ್ ಮತ್ತೊಂದು ಹೊಡೆದು ಗೆದ್ದಿತು. ಒಲಿಂಪಿಕ್ಸ್ ಕಾಲ್ಚೆಂಡಿನಲ್ಲಿ ಭಾರತ ಹೊಡೆದ ಮೊದಲ ಗೋಲು ಬೆಂಗಳೂರಿನ ಕಾಲಿನಿಂದ ಹೊರಟಿತೆಂಬುದನ್ನು ನಾವು ನೆನಪಿನಲ್ಲಿಡಬೇಕು. ಬೂಟಿಲ್ಲದ ಆಟವನ್ನು ಕಂಡು ಬೆರಗಾದ ಪತ್ರಕರ್ತರಿಗೆ ನಾಯಕ ಆವ್ ಅವರು, ನಾವು ಆಡುವುದು ಫುಟ್‌ಬಾಲ್, ನೀವು ಆಡುವುದು ಬೂಟ್‌ಬಾಲ್ ಎಂದು ಉತ್ತರಿಸಿದರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ.

ಅದೇ 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮತ್ತೊಮ್ಮೆ ರೋವರ್ಸ್ ಕಪ್ ಗೆದ್ದಿತು. ಈ ಊರಿನ ಆಟಗಾರರ ಮೇಲೆ ಕಲ್ಕತ್ತೆಯವರ ಕಣ್ಣು ಬಿದ್ದುದು ಸಹಜ. ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಶ್ ಚಂದ್ರ ಗುಹ ದಕ್ಷಿಣದ ಊರೂರುಗಳಿಂದ ಆಟಗಾರರನ್ನು ಹುಡುಕಿ ಕರೆದೊಯ್ಯುವುದರಲ್ಲಿ ಹೆಸರಾದವರು. 1949ರಲ್ಲಿ ಅಹಮದ್ ಖಾನರು ಆ ಕ್ಲಬ್ಬನ್ನು ಸೇರಿದರು. ಆ ಕಾಲದ ಭಾರತದಲ್ಲಿ ವೃತ್ತಿ ಆಟಗಾರನೆಂಬ ಹೆಸರು ಕಾಗದದ ಮೇಲೆ ಇರಲಿಲ್ಲ. ನಿಯಮದ ಪ್ರಕಾರ ಎಲ್ಲರೂ ಹವ್ಯಾಸಿಗಳು. ಆದರೂ ತನ್ನ ಊರು, ತನ್ನ ಭಾಷೆ, ತನ್ನ ಊಟ ಬಿಟ್ಟು ಸಾವಿರ ಮೈಲಿ ದೂರದ ನಗರದಲ್ಲಿ ಹತ್ತು ವರ್ಷ ಆಟವನ್ನೇ ನೆಚ್ಚಿ ನಿಂತವನನ್ನು ವೃತ್ತಿಗಾರನೆನ್ನದೆ ಮತ್ತೇನೆನ್ನೋಣ?

ಇಲ್ಲಿ ಒಂದು ಸಂಗತಿಯನ್ನು ನಿಧಾನವಾಗಿ ನೋಡಬೇಕು. ಈಸ್ಟ್ ಬೆಂಗಾಲ್ ಹುಟ್ಟಿದ್ದು 1920ರಲ್ಲಿ, ಕಲ್ಕತ್ತೆಯಲ್ಲಿ ನೆಲೆಸಿದ್ದ ಪೂರ್ವ ಬಂಗಾಳದವರ ಅಭಿಮಾನದ ಕ್ಲಬ್ಬಾಗಿ. 1947ರಲ್ಲಿ ದೇಶ ಒಡೆಯಿತು. ಹೆಸರಿನಲ್ಲಿ ಮಾತ್ರ ಉಳಿದು ನೆಲದ ಮೇಲೆ ಇಲ್ಲವಾದ ಒಂದು ಊರನ್ನು ನೆನೆಯುತ್ತ ಲಕ್ಷಾಂತರ ನಿರಾಶ್ರಿತರು ಕಲ್ಕತ್ತೆಯ ರೈಲು ನಿಲ್ದಾಣಗಳಲ್ಲಿ, ಬಯಲುಗಳಲ್ಲಿ, ಜೋಪಡಿಗಳಲ್ಲಿ ದಿನ ದೂಡಿದರು. 1950ರ ಆರಂಭದಲ್ಲಿ ಎರಡೂ ಬಂಗಾಳಗಳಲ್ಲಿ ಮತ್ತೆ ಕೋಮುಗಲಭೆಗಳೆದ್ದು ಇನ್ನಷ್ಟು ಜನ ಮನೆ ಕಳೆದುಕೊಂಡರು. ಮನೆಯಿಲ್ಲದವರಿಗೆ ಸಂಜೆಯ ಒಂದು ಗಂಟೆ ನಮ್ಮದು ಎನ್ನಲು ಉಳಿದಿದ್ದುದು ಕೆಂಪು-ಹಳದಿ ಬಣ್ಣದ ಆ ತಂಡ. ಧರ್ಮದ ಹೆಸರಿನಲ್ಲಿ ಹರಿದ ರಕ್ತ ಆರುವ ಮೊದಲೇ, ಆ ನಿರಾಶ್ರಿತರು ಬೆಂಗಳೂರಿನ ಅಹಮದ್ ಖಾನ್ ಚೆಂಡು ಮುಟ್ಟಿದೊಡನೆ ಎದ್ದು ನಿಲ್ಲುತ್ತಿದ್ದರು. ಕೇರಳದ ಸಾಲೆಹ್ ಓಡಿದರೆ ಕೂಗಿ ಹುರಿದುಂಬಿಸುತ್ತಿದ್ದರು. ಉಪದೇಶದಿಂದ ಆಗದ ಕೆಲಸಗಳು ಕೆಲವೊಮ್ಮೆ ಆಟದ ಬಯಲಿನಲ್ಲಿ ಆಗಿಬಿಡುತ್ತವೆ. ಆಟ ಗಲಭೆಯನ್ನು ನಿಲ್ಲಿಸಿತೆಂದು ನಾನು ಹೇಳುವುದಿಲ್ಲ. ಅಷ್ಟು ಹೊತ್ತು ಅವರ ಅಭಿಮಾನಕ್ಕೆ ಧರ್ಮ ಅಡ್ಡ ಬರಲಿಲ್ಲವೆಂಬುದಷ್ಟೇ ನನ್ನ ಮಾತು.

ಆ ತಂಡದ ಮುಂಚೂಣಿಯಲ್ಲಿ ಐವರಿದ್ದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆಹ್. ಐವರೂ ದಕ್ಷಿಣದವರು. ಕಲ್ಕತ್ತೆ ಅವರನ್ನು ಪಂಚ ಪಾಂಡವರೆಂದು ಕರೆಯಿತು. ಕನ್ನಡ ಓದಿದವನಿಗೆ ಈ ಹೆಸರು ಕೇಳಿದೊಡನೆ ಪಂಪ ನೆನಪಾಗುತ್ತಾನೆ. ತನ್ನ ದೊರೆ ಅರಿಕೇಸರಿಯಲ್ಲಿ ಅರ್ಜುನನನ್ನು ಕಂಡು ಅವನು ಭಾರತವನ್ನು ತನ್ನ ಕಾಲಕ್ಕೆ ತಂದ. ಕಲ್ಕತ್ತೆಯ ಜನ ಅದನ್ನೇ ಐವರು ಆಟಗಾರರಿಗೆ ಮಾಡಿದರು. ಪಾಂಡವರೂ ರಾಜ್ಯ ಕಳೆದುಕೊಂಡು ಕಾಡುಪಾಲಾದವರೆಂಬುದನ್ನು ಮರೆಯಬಾರದು. ನೆಲೆ ತಪ್ಪಿದ ಜನಕ್ಕೆ ಕೌರವರ ಸಂಪತ್ತಿನಲ್ಲಿ ಆಸ್ಥೆಯಿರುವುದಿಲ್ಲ. ವನವಾಸ ಮುಗಿಸಿ ಗೆಲ್ಲುವವರ ಕಥೆ ಬೇಕಾಗುತ್ತದೆ.

ಗೆಲುವುಗಳೂ ಬಂದವು. 1949ರ ಒಂದೇ ವರ್ಷದಲ್ಲಿ ಕಲ್ಕತ್ತಾ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರೂ ಈಸ್ಟ್ ಬೆಂಗಾಲಿನ ಪಾಲಾದವು. 1949, 1950, 1951, ಸತತ ಮೂರು ವರ್ಷ ಶೀಲ್ಡ್. 1951, 1952ರಲ್ಲಿ ಡ್ಯುರಾಂಡ್ ಕಪ್. 1953ರಲ್ಲಿ ತಂಡ ರುಮೇನಿಯಾ, ಸೋವಿಯತ್ ರಷ್ಯಾಗಳಿಗೆ ಪ್ರವಾಸ ಹೋಗಿ ಆಡಿ ಬಂದಿತು. 1954ರಲ್ಲಿ ಅಹಮದರು ಕ್ಲಬ್ಬಿನ ನಾಯಕರಾದರು. ಕಪ್ಪುಗಳ ಪಟ್ಟಿಯನ್ನು ಇಷ್ಟಕ್ಕೆ ಬಿಡೋಣ. ಕವಿಗೆ ಬಂದ ಬಿರುದುಗಳನ್ನು ಎಣಿಸಿದರೆ ಕಾವ್ಯ ಓದಿದಂತಾಗುವುದಿಲ್ಲ.

ಹಾಗಾದರೆ ಅವರ ಆಟ ಎಂತಹದು? ಆ ಕಾಲದ ತಂಡದಲ್ಲಿ ಮುಂಚೂಣಿಗೆ ಐವರು: ಎರಡು ಅಂಚುಗಳಲ್ಲಿ ಇಬ್ಬರು ವಿಂಗರುಗಳು, ನಡುವೆ ಸೆಂಟರ್ ಫಾರ್ವರ್ಡ್, ಅವನ ಎಡಬಲಗಳಲ್ಲಿ ಇಬ್ಬರು ‘ಇನ್‌ಸೈಡ್’ ಆಟಗಾರರು. ಅಹಮದರ ಸ್ಥಾನ ಇನ್‌ಸೈಡ್ ಲೆಫ್ಟ್. ಸೆಂಟರ್ ಫಾರ್ವರ್ಡನ ಕೆಲಸ ಗೋಲು ಹೊಡೆಯುವುದು, ವಿಂಗರನ ಕೆಲಸ ಓಡುವುದು. ಇನ್‌ಸೈಡ್ ಆಟಗಾರನ ಕೆಲಸ ಇವೆರಡಕ್ಕಿಂತ ಕಠಿಣವಾದುದು. ಹಿಂದಿನ ಸಾಲಿನಿಂದ ಚೆಂಡನ್ನು ತಂದು ಮುಂದಿನವರಿಗೆ ಸಲ್ಲಿಸಬೇಕು. ಎಲ್ಲಿ, ಯಾವಾಗ, ಎಷ್ಟು ವೇಗದಲ್ಲಿ ಎಂಬುದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನಿಶ್ಚಯಿಸಬೇಕು. ಯಕ್ಷಗಾನದಲ್ಲಿ ಕುಣಿಯುವವರು ಬೇರೆಯವರಾದರೂ ಆಟವನ್ನು ನಡೆಸುವವನು ಭಾಗವತ. ಅಹಮದರದು ಆ ಭಾಗವತಿಕೆ. ಆದರೆ ಅವರು ಹಾಡುವುದರ ಜತೆಗೆ ಕುಣಿಯಲೂ ಬಲ್ಲವರಾಗಿದ್ದರು.

ಹಾವಾಡಿಗನೆಂಬ ಬಿರುದು ಬರಿಯ ಹೊಗಳಿಕೆಯಲ್ಲ, ಅದರಲ್ಲಿ ಶೈಲಿಯ ವಿವರಣೆಯೇ ಅಡಗಿದೆ. ಹಾವು ಪುಂಗಿಯ ನಾದಕ್ಕೆ ತಲೆದೂಗುತ್ತದೆಂದು ನಾವು ತಿಳಿಯುತ್ತೇವೆ. ಬಲ್ಲವರು ಹೇಳುವುದು ಬೇರೆ: ಹಾವು ಪುಂಗಿಯ ಓಲಾಟವನ್ನು ಕಣ್ಣಿನಿಂದ ಹಿಂಬಾಲಿಸುತ್ತದೆ, ಅಷ್ಟೆ. ಹಾವಾಡಿಗ ಮೈಯನ್ನು ಎಡಕ್ಕೆ ವಾಲಿಸಿದರೆ ಅದೂ ಎಡಕ್ಕೆ ವಾಲುತ್ತದೆ. ಅಹಮದರ ಡ್ರಿಬ್ಲಿಂಗಿನ ಗುಟ್ಟು ಇದೇ. ಎದುರಿಗೆ ಬಂದ ಬ್ಯಾಕ್ ಆಟಗಾರನ ಕಣ್ಣು ಅವರ ಭುಜದ ಮೇಲೆ, ಸೊಂಟದ ಮೇಲೆ. ಭುಜ ಒಂದು ಕಡೆಗೆ ವಾಲಿತು, ಆತನೂ ವಾಲಿದ. ಅಷ್ಟರಲ್ಲಿ ಚೆಂಡು ಮತ್ತೊಂದು ಕಡೆಯಿಂದ ದಾಟಿ ಹೋಗಿರುತ್ತಿತ್ತು. ಅವರು ಎದುರಾಳಿಯನ್ನು ಓಡಿ ಸೋಲಿಸುತ್ತಿರಲಿಲ್ಲ, ನೂಕಿ ಸೋಲಿಸುತ್ತಿರಲಿಲ್ಲ. ಅವನು ತಾನಾಗಿಯೇ ತಪ್ಪು ಕಡೆಗೆ ಹೆಜ್ಜೆಯಿಡುವಂತೆ ಮಾಡುತ್ತಿದ್ದರು.

ಇಷ್ಟೇ ಆಗಿದ್ದರೆ ಅದು ದೊಂಬರಾಟವಾಗುತ್ತಿತ್ತು. ಚೆಂಡನ್ನು ಕಾಲಿಗಂಟಿಸಿಕೊಂಡು ಇಬ್ಬರು ಮೂವರನ್ನು ದಾಟುವವರು ನಮ್ಮ ಬೀದಿಗಳಲ್ಲಿ ಇಂದಿಗೂ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ನಾಲ್ಕನೆಯವನಿಗೆ ಸಿಕ್ಕಿಬೀಳುತ್ತಾರೆ, ಏಕೆಂದರೆ ಅವರಿಗೆ ಚೆಂಡನ್ನು ಬಿಟ್ಟುಕೊಡುವ ಮನಸ್ಸಿಲ್ಲ. ಅಹಮದರ ಡ್ರಿಬ್ಲಿಂಗ್ ಚೆಂಡನ್ನು ಇಟ್ಟುಕೊಳ್ಳುವುದಕ್ಕಲ್ಲ, ಕೊಡುವುದಕ್ಕೆ. ಅವರು ಚೆಂಡು ಹಿಡಿದರೆ ಎದುರಾಳಿಗಳಲ್ಲಿ ಇಬ್ಬರು ಅವರತ್ತ ಸೆಳೆಯಲ್ಪಡುತ್ತಾರೆ. ಆ ಇಬ್ಬರು ಬಿಟ್ಟುಬಂದ ಜಾಗದಲ್ಲಿ ಸಾಲೆಹ್ ಅಥವಾ ಧನರಾಜ್ ಬರಿದಾದ ಬಯಲನ್ನು ಕಾಣುತ್ತಾರೆ. ಚೆಂಡು ನೆಲಕ್ಕೆ ಅಂಟಿಕೊಂಡು ಅಲ್ಲಿಗೆ ಜಾರುತ್ತದೆ. ಗೋಲಿನ ಲೆಕ್ಕ ಬೇರೆಯವರ ಹೆಸರಿನಲ್ಲಿ. ಗೋಲು ಹೊಡೆದವನನ್ನು ದಾಖಲೆ ಹೆಸರಿಸುತ್ತದೆ. ಗೋಲಿನ ದಾರಿ ತೆರೆದವನನ್ನು ಆ ಕಾಲದ ದಾಖಲೆ ಹೆಸರಿಸುತ್ತಿರಲಿಲ್ಲ. ಆದ್ದರಿಂದ ಅಂಕಿಗಳಲ್ಲಿ ಅಹಮದ್ ಖಾನರನ್ನು ಹುಡುಕಿದವರಿಗೆ ಅವರ ಅರ್ಧವೂ ಸಿಗುವುದಿಲ್ಲ.

ಬರಿಗಾಲಿನ ಮಾತಿಗೆ ಬರೋಣ. ಬಡತನದಿಂದ ಮೊದಲಾದ ಬರಿಗಾಲಿನ ಆಟ ಒಂದು ಸೂಕ್ಷ್ಮವಾದ ವಿದ್ಯೆಯಾಗಿ ಬೆಳೆದಿತ್ತು. ಬೂಟಿನ ತೊಗಲು ಚೆಂಡಿಗೂ ಪಾದಕ್ಕೂ ನಡುವೆ ಗೋಡೆಯಂತೆ ನಿಲ್ಲುತ್ತದೆ. ಬರಿಗಾಲಿಗೆ ಅಂಗಾಲಿನ ಅರಿವಿದೆ, ಬೆರಳುಗಳ ಹಿಡಿತವಿದೆ. ಚೆಂಡನ್ನು ಅಂಗಾಲಿನ ಕೆಳಗೆ ಹೊರಳಿಸುವುದು, ಬೆರಳಿನ ತುದಿಯಿಂದ ಅರ್ಧ ಗೇಣು ಸರಿಸುವುದು, ಓಡುತ್ತಿರುವಾಗಲೇ ತಟ್ಟನೆ ತಿರುಗುವುದು ಬರಿಗಾಲಿಗೆ ಸುಲಭ. ವೀಣೆಯನ್ನು ಕೈಚೀಲ ತೊಟ್ಟು ನುಡಿಸಲಾದೀತೆ? ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. ಕಲ್ಕತ್ತೆಯ ಆಟದ ಕಾಲ ಮಳೆಗಾಲ. ಒದ್ದೆ ನೆಲದಲ್ಲಿ ಬರಿಗಾಲು ಜಾರುತ್ತದೆ. ನೀರು ಕುಡಿದ ತೊಗಲಿನ ಚೆಂಡು ಕಲ್ಲಿನಂತೆ ಭಾರವಾಗುತ್ತದೆ. ಬೂಟು ತೊಟ್ಟವನ ಮುಂದೆ ಮೂಳೆ ಮುರಿಯುವ ಭಯ ಬೇರೆ. 1911ರಲ್ಲಿ ಮೋಹನ್ ಬಾಗಾನ್ ತಂಡ ಬಹುತೇಕ ಬರಿಗಾಲಿನಲ್ಲಿ ಆಡಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿ ಶೀಲ್ಡ್ ಗೆದ್ದುದು ದೇಶಾಭಿಮಾನದ ಕಥೆಯಾಯಿತು. ಆ ಕಥೆಯ ಬೆಳಕಿನಲ್ಲಿ ಬರಿಗಾಲು ಒಂದು ಹಟವಾಗಿಯೂ ಉಳಿಯಿತು.

ಆ ಹಟ ಫಲಿಸಿದ ದಿನವೂ, ಮುರಿದ ದಿನವೂ ಅಹಮದರ ಬಾಳಿನಲ್ಲಿ ಬಂದವು. 1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ಮೊದಲನೆಯ ಏಷ್ಯನ್ ಕ್ರೀಡೆಗಳು ನಡೆದವು. ಹೈದರಾಬಾದಿನ ಎಸ್.ಎ. ರಹೀಮ್ ತರಬೇತುದಾರರು, ಶೈಲೆನ್ ಮನ್ನಾ ನಾಯಕರು. ಇಂಡೋನೇಷ್ಯವನ್ನು ಮೂರು ಗೋಲುಗಳಿಂದ, ಅಫ್ಘಾನಿಸ್ತಾನವನ್ನು ಮೂರು ಗೋಲುಗಳಿಂದ ಸೋಲಿಸಿದ ಭಾರತ, ಮಾರ್ಚ್ 10ರಂದು ಅಂತಿಮ ಪಂದ್ಯದಲ್ಲಿ ಇರಾನನ್ನು ಎದುರಿಸಿತು. ಪ್ರಧಾನಿ ನೆಹರೂ ಪ್ರೇಕ್ಷಕರ ನಡುವೆ ಇದ್ದರು. ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಚಿನ್ನದ ಪದಕ ನಮ್ಮದಾಯಿತು. ಆ ಮುಂಚೂಣಿಯಲ್ಲಿ ಅಹಮದ್ ಖಾನರಿದ್ದರು.

ಮರುವರ್ಷ, 1952ರ ಜುಲೈ 15ರಂದು, ಹೆಲ್ಸಿಂಕಿಯಲ್ಲಿ ಎಲ್ಲವೂ ತಲೆಕೆಳಗಾಯಿತು. ಎದುರಾಳಿ ಯುಗೊಸ್ಲಾವಿಯ. ಆ ತಂಡ ಅಲ್ಲಿ ಬೆಳ್ಳಿಯ ಪದಕ ಗೆದ್ದಿತು. ಅದನ್ನು ತಡೆದುದು ಹಂಗೇರಿಯ ಪ್ರಸಿದ್ಧ ತಂಡ ಮಾತ್ರ. ಉತ್ತರ ದೇಶದ ಚಳಿ. ನಮ್ಮವರಲ್ಲಿ ಅನೇಕರು ಬರಿಗಾಲಿನಲ್ಲಿದ್ದರು. ಒಂದಾದ ಮೇಲೊಂದರಂತೆ ಹತ್ತು ಗೋಲುಗಳು ಬಿದ್ದವು. 89ನೆಯ ನಿಮಿಷದಲ್ಲಿ ಭಾರತ ಒಂದು ಗೋಲು ಹೊಡೆಯಿತು. ಹೊಡೆದವರು ಅಹಮದ್ ಖಾನ್.

ಈ ಒಂದು ಗೋಲಿನ ಬಗೆಗೆ ನಾನು ಬಹಳ ಯೋಚಿಸಿದ್ದೇನೆ. ಹತ್ತು ಗೋಲು ಹಿಂದಿರುವಾಗ ಪಂದ್ಯ ಮುಗಿಯಲು ನಿಮಿಷವೊಂದಿದ್ದರೆ ಬಹುಮಂದಿ ಮನಸ್ಸಿನಲ್ಲಿ ಆಗಲೇ ಮೈದಾನ ಬಿಟ್ಟಿರುತ್ತಾರೆ. ಆ ಗೋಲಿನಿಂದ ಫಲವೇನೂ ಬದಲಾಗಲಿಲ್ಲ. ಜಗತ್ತಿನ ದಾಖಲೆಗಳಲ್ಲಿ ಅಹಮದರ ಹೆಸರು ನಿಂತಿರುವುದು ಮುಖ್ಯವಾಗಿ ಆ ಗೋಲಿನ ಎದುರಿಗೆ. ಜೀವಮಾನವಿಡೀ ಇತರರಿಂದ ಗೋಲು ಹೊಡೆಸಿದವರ ಹೆಸರು, ಯಾರೂ ನೆನೆಯಲು ಬಯಸದ ಒಂದು ಸೋಲಿನ ಅಡಿಯಲ್ಲಿ ಒಂಟಿಯಾಗಿ ಉಳಿದುಕೊಂಡಿದೆ. ಇತಿಹಾಸ ಒಮ್ಮೊಮ್ಮೆ ಇಂತಹ ಚೇಷ್ಟೆ ಮಾಡುತ್ತದೆ. ಅಂಕೆಯನ್ನು ಬರೆದಿಟ್ಟು ಆಟವನ್ನು ಮರೆತುಬಿಡುತ್ತದೆ.

ಹೆಲ್ಸಿಂಕಿಯ ಪೆಟ್ಟಿನ ನಂತರ ಅಖಿಲ ಭಾರತ ಒಕ್ಕೂಟ ಬೂಟು ಧರಿಸುವುದನ್ನು ಕಡ್ಡಾಯ ಮಾಡಿತು. ಬರಿಗಾಲಿನ ಆಟವನ್ನು ಅಂತಾರಾಷ್ಟ್ರೀಯ ಸಂಸ್ಥೆ ಒಪ್ಪಲಿಲ್ಲವಾದ್ದರಿಂದ ಭಾರತ 1950ರ ವಿಶ್ವಕಪ್ಪಿಗೆ ಹೋಗಲಿಲ್ಲವೆಂಬ ಕಥೆ ಎಲ್ಲರ ಬಾಯಲ್ಲಿದೆ. ಒಕ್ಕೂಟ ಅಂದು ಕೊಟ್ಟ ಕಾರಣಗಳಲ್ಲಿ ಅಭ್ಯಾಸಕ್ಕೆ ಕಾಲಾವಕಾಶವಿಲ್ಲವೆಂಬುದೂ ಆಯ್ಕೆಯ ತೊಡಕುಗಳೂ ಇದ್ದವು. ವಿಶ್ವಕಪ್ಪಿಗಿಂತ ಒಲಿಂಪಿಕ್ಸೇ ದೊಡ್ಡದೆಂದು ನಮ್ಮವರು ಎಣಿಸಿದ್ದೂ ನಿಜ. ಕಥೆಗಳು ಸೊಗಸಾಗಿದ್ದಷ್ಟೂ ಅವನ್ನು ಶೋಧಿಸಿ ಸ್ವೀಕರಿಸಬೇಕು.

ಬೂಟು ಬಂದುದರಿಂದ ಲಾಭವಾಯಿತೋ ನಷ್ಟವಾಯಿತೋ? ಲಾಭವಾಯಿತೆಂದೇ ಹೇಳಬೇಕು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ರಹೀಮರ ಭಾರತ ನಾಲ್ಕನೆಯ ಸ್ಥಾನಕ್ಕೇರಿತು. 1962ರಲ್ಲಿ ಜಕಾರ್ತದಲ್ಲಿ ಮತ್ತೊಮ್ಮೆ ಏಷ್ಯದ ಚಿನ್ನ ಗೆದ್ದಿತು. ಆ ಎರಡನೆಯ ಚಿನ್ನದ ತಂಡದಲ್ಲಿಯೂ ಬೆಂಗಳೂರಿನ ಫಾರ್ವರ್ಡ್ ಒಬ್ಬರಿದ್ದರು, ಅರುಮೈನಾಯಗಂ. ಆದರೆ ಲಾಭದ ಜತೆಗೆ ಒಂದು ಬಗೆಯ ಸೊಗಸು ಹೊರಟುಹೋಯಿತು. ಹಳಗನ್ನಡ ಹೋಗಿ ಹೊಸಗನ್ನಡ ಬಂದುದನ್ನು ಯಾರೂ ನಷ್ಟವೆನ್ನಲಾರರು. ಆದರೂ ಹಳಗನ್ನಡ ಬಲ್ಲವನಿಗೆ ಕೆಲವು ಬೆಡಗುಗಳು ಮತ್ತೆ ಬಾರವೆಂಬ ಅರಿವು ಇದ್ದೇ ಇರುತ್ತದೆ. ಹಳಗನ್ನಡಕ್ಕೆ ಓಲೆಗರಿಗಳ ಆಸರೆಯಾದರೂ ಇತ್ತು. ಬರಿಗಾಲಿನ ಆಟವನ್ನು ಓಲೆಗರಿಯಲ್ಲಿ ಬರೆಯಲಾಗಲಿಲ್ಲ. ಅಹಮದರ ಆಟ ಅದನ್ನು ಕಂಡವರ ಕಣ್ಣಿನಲ್ಲಿತ್ತು. ಆ ಕಣ್ಣುಗಳು ಒಂದೊಂದಾಗಿ ಮುಚ್ಚಿದವು.

1959ರವರೆಗೆ ಈಸ್ಟ್ ಬೆಂಗಾಲಿನಲ್ಲಿ ಆಡಿದ ಅಹಮದ್ ಖಾನರು ಆಮೇಲೆ ತಮ್ಮ ಊರಿಗೆ ಮರಳಿದರು. ಕೇಂದ್ರ ಸರ್ಕಾರ ಅರ್ಜುನ ಪ್ರಶಸ್ತಿಯನ್ನು ಸ್ಥಾಪಿಸಿದ್ದು 1961ರಲ್ಲಿ. ಪಂಚ ಪಾಂಡವರಲ್ಲೊಬ್ಬರೆನಿಸಿಕೊಂಡವರಿಗೆ ಅರ್ಜುನನ ಹೆಸರಿನ ಪ್ರಶಸ್ತಿ ಬರಲಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವರು ಬೆಂಗಳೂರಿನಲ್ಲಿ ಬಾಳಿದರು. ಐವರಲ್ಲಿ ಕೊನೆಯವರಾಗಿ ಉಳಿದಿದ್ದ ಅವರು 2017ರ ಆಗಸ್ಟ್ 27ರಂದು, ತೊಂಬತ್ತು ತುಂಬಿದ ವಯಸ್ಸಿನಲ್ಲಿ, ತೀರಿಕೊಂಡರು.

ಅವರನ್ನು ನಾವು ಏಕೆ ಮರೆತೆವು? ಉತ್ತರ ನಮ್ಮ ನಗರದ ರಚನೆಯಲ್ಲಿಯೇ ಇದೆ. ಪೇಟೆ ಬೇರೆ, ದಂಡು ಬೇರೆಯಾಗಿ ನೂರ ನಲವತ್ತು ವರ್ಷ ನಡೆಯಿತು. 1947ರ ಜುಲೈ ಕೊನೆಯಲ್ಲಿ ದಂಡು ಮೈಸೂರಿನ ಆಡಳಿತಕ್ಕೆ ಮರಳಿತು. 1949ರಲ್ಲಿ ಎರಡೂ ಸೇರಿ ಒಂದು ನಗರಪಾಲಿಕೆಯಾಯಿತು. ಕಾಗದದ ಮೇಲೆ ಕೂಡಿದುದು ಮನಸ್ಸಿನಲ್ಲಿ ಕೂಡಲು ಹೆಚ್ಚು ಕಾಲ ಹಿಡಿಯುತ್ತದೆ. ದಂಡಿನವರ ಮಾತು ತಮಿಳು, ಉರ್ದು, ತೆಲುಗು. ಅವರ ಆಟ ಕಾಲ್ಚೆಂಡು. ಪೇಟೆಯ ಕನ್ನಡಿಗರಾದ ನಾವು ಬಸವನಗುಡಿಯ ಸಾಹಿತ್ಯವನ್ನು ಬರೆದೆವು, ಮಲ್ಲೇಶ್ವರದ ಸಂಗೀತವನ್ನು ಬರೆದೆವು. ಹಲಸೂರಿನ ಕಾಲುಗಳನ್ನು ಬರೆಯಲಿಲ್ಲ. ಅವರು ಕನ್ನಡದಲ್ಲಿ ಬರೆದುಕೊಳ್ಳಲಿಲ್ಲ, ನಾವು ಅವರ ಪರವಾಗಿ ಬರೆಯಲಿಲ್ಲ. ನಡುವೆ ಒಂದು ತಲೆಮಾರಿನ ಚರಿತ್ರೆ ಜಾರಿಹೋಯಿತು.

ನಾನಿರುವ ಇಂದಿರಾನಗರವೂ ಇದಕ್ಕೆ ಹೊರತಲ್ಲ. ಬಿನ್ನಮಂಗಲ, ದೂಪನಹಳ್ಳಿ, ಕೋಡಿಹಳ್ಳಿಗಳ ಹೊಲಗದ್ದೆಗಳ ಮೇಲೆ ಎದ್ದ ಬಡಾವಣೆಯಿದು. ಬಯಲುಗಳಿದ್ದಲ್ಲಿ ಮನೆಗಳು ಬಂದವು. ಮನೆಗಳಿದ್ದಲ್ಲಿ ಈಗ ಅಂಗಡಿಗಳೂ ಹೋಟೆಲುಗಳೂ ಬಂದಿವೆ. ಬಹುಕಾಲ ಈ ಭಾಗದ ಆಟಗಾರರಿಗೆ ಅನ್ನ ಕೊಟ್ಟುದು ಎಚ್.ಎ.ಎಲ್., ಐ.ಟಿ.ಐ.ಗಳಂತಹ ಸಾರ್ವಜನಿಕ ಕಾರ್ಖಾನೆಗಳ ತಂಡಗಳು. ಬೆಳಿಗ್ಗೆ ಯಂತ್ರದ ಮುಂದೆ, ಸಂಜೆ ಚೆಂಡಿನ ಹಿಂದೆ. ಆ ಏರ್ಪಾಟು ಸೊರಗಿದ ಮೇಲೆ 2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿತು, ವೃತ್ತಿ ಕಾಲ್ಚೆಂಡು ಬಹಿರಂಗವಾಗಿಯೇ ಈ ಊರಿಗೆ ಬಂತು. 2023ರ ಮಾರ್ಚಿಯಲ್ಲಿ, ಸೌದಿ ಅರೇಬಿಯದ ರಿಯಾದಿನಲ್ಲಿ, ಕರ್ನಾಟಕ ತಂಡ ಮೇಘಾಲಯವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಹಿಂದೆ ಗೆದ್ದುದು 1968-69ರಲ್ಲಿ, ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರಿದ್ದಾಗ. ಐವತ್ತನಾಲ್ಕು ವರ್ಷಗಳ ಅಂತರ. ಮರುದಿನದ ಪತ್ರಿಕೆ ಓದುತ್ತಿದ್ದಾಗ ಆ ಹಳೆಯ ವಿದ್ಯಾರ್ಥಿ ನೆನಪಾದ. ಈಗ ಅವನಿಗೂ ಐವತ್ತರ ಹತ್ತಿರದ ವಯಸ್ಸು. ಎಲ್ಲಿದ್ದಾನೋ ತಿಳಿಯದು.

ಅವನು ಸಿಕ್ಕಿದರೆ ಹೇಳಬೇಕೆಂದಿದ್ದೇನೆ. ಅಂದು ನೀನು ಕೊಟ್ಟ ಉತ್ತರ ಸರಿಯಾಗಿತ್ತು. ಪ್ರಶ್ನೆ ತಪ್ಪಾಗಿದ್ದುದು ನನ್ನದು. ನಿನಗೆ ಪಂಪನನ್ನು ತಿಳಿಸುವ ಹೊಣೆ ನನ್ನದಾಗಿತ್ತು, ಅದನ್ನು ಸಂಬಳ ತೆಗೆದುಕೊಂಡು ಮಾಡಿದೆ. ನನಗೆ ಅಹಮದ್ ಖಾನರನ್ನು ತಿಳಿಸಲು ನೀನು ಸಂಬಳವಿಲ್ಲದೆ ಬಂದಿದ್ದೆ. ತರಗತಿಯನ್ನು ನಗಿಸಿ ನಿನ್ನನ್ನು ಕೂರಿಸಿಬಿಟ್ಟೆ. ಈಗ ಸಂಜೆ ಹಲಸೂರು ಕೆರೆಯ ಕಡೆಗೆ ತಿರುಗಾಡಲು ಹೋದಾಗ, ಸಂದಿಯಲ್ಲಿ ಚಪ್ಪಲಿಗಳನ್ನು ಗೋಲಿನ ಕಂಬಗಳಂತೆ ಇಟ್ಟುಕೊಂಡು ಆಡುವ ಮಕ್ಕಳನ್ನು ನಿಂತು ನೋಡುತ್ತೇನೆ. ಚಪ್ಪಲಿಗಳೆಲ್ಲ ಗೋಲಿಗೆ ಹೋದುದರಿಂದ ಮಕ್ಕಳದು ಬರಿಗಾಲು. ಅವರಲ್ಲಿ ಒಬ್ಬನಾದರೂ ಭುಜವನ್ನು ಒಂದು ಕಡೆಗೆ ವಾಲಿಸಿ ಚೆಂಡನ್ನು ಮತ್ತೊಂದು ಕಡೆಗೆ ಒಯ್ಯುತ್ತಾನೆ. ಅವನಿಗೆ ಅದನ್ನು ಕಲಿಸಿದವರು ಯಾರೆಂದು ಅವನಿಗೆ ತಿಳಿದಿರಲಾರದು. ನಾವಾದರೂ ತಿಳಿದಿರೋಣ.